ಮಗ್ಗದ ಕೋಣೆಯ ಆಂಥೂರಿಯಂ

ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ನಿವೃತ್ತರಾದ ದಿನ ನಾವು ಅವರಿಗೆ ಶಾಲು, ಹಾರ ಮತ್ತು ಒಂದು ಗೋಡೆ ಗಡಿಯಾರ ಕೊಟ್ಟೆವು. ಅವರು ನಮಗೆ ಗಿಡಗಳನ್ನು ಕೊಟ್ಟರು. ಮುಧೋಳದ ಹತ್ತಿರದ ಆ ಶಾಲೆಯಲ್ಲಿ ಅವರ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಏಳು ಕುಂಡಗಳಿದ್ದವು, ಶಿಕ್ಷಕರು ನಾವೂ ಏಳೇ ಜನ. ಜಗಳ ಬೇಡವೆಂದು ಚೀಟಿ ಎತ್ತಿಸಿದರು. ಎಲ್ಲರ ಕಣ್ಣೂ ಯಾವುದರ ಮೇಲಿತ್ತೋ ಅದೇ ನನ್ನ ಪಾಲಿಗೆ ಬಂತು. ಅಂಗೈಯಗಲದ ದಪ್ಪ ಹಸಿರೆಲೆಗಳ ನಡುವೆ, ಎಣ್ಣೆ ಸವರಿಟ್ಟಂತೆ ಹೊಳೆಯುವ ಎರಡು ಕೆಂಪು ಹೂವುಗಳಿದ್ದ ಆಂಥೂರಿಯಂ.

ನನಗೆ ಗಿಡ ಸಾಕಿ ಗೊತ್ತಿರಲಿಲ್ಲ. ನಾನು ಬೀಳಗಿ ಕಡೆಯ ಒಕ್ಕಲುತನದ ಮನೆಯವಳು ನಿಜ. ಆದರೆ ನಮ್ಮಲ್ಲಿ ಬೆಳೆಯುವುದೆಲ್ಲ ಹೊಲದಲ್ಲಿ. ಹಸಿರಾದದ್ದು ಏನಾದರೂ ಮನೆಯೊಳಗೆ ಬಂದರೆ ಅದು ಪಲ್ಯಕ್ಕೆ. ಹೂವಿನ ಗಿಡವನ್ನು ಕೋಣೆಯಲ್ಲಿಟ್ಟು ದಿನಾ ಮುಖ ನೋಡುವ ಪದ್ಧತಿ ತವರಿನಲ್ಲೂ ಇರಲಿಲ್ಲ, ರಬಕವಿಯ ಗಂಡನ ಮನೆಯಲ್ಲೂ ಇರಲಿಲ್ಲ. ಅಂದು ಮುಖ್ಯೋಪಾಧ್ಯಾಯಿನಿ ಹೇಳಿದ ಹತ್ತು ಮಾತಿನಲ್ಲಿ ನನ್ನ ತಲೆಯಲ್ಲಿ ಉಳಿದದ್ದು "ಬಿಸಲಾಗ ಇಡಬ್ಯಾಡ" ಎಂಬುದೊಂದೇ.

ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಹಾಲಿಂಗಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತವಳೇ ಹೂವನ್ನು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಇದು ಖರೆ ಹೂವೇನ್ರಿ, ಪ್ಲಾಸ್ಟಿಕ್ಕಿಂದೊ?"

"ಖರೆ ಹೂವ್ರಿ."

"ಹಂಗ ಕಾಣಂಗಿಲ್ಲ ಬಿಡ್ರಿ." ಬಗ್ಗಿ ಮೂಸಿದಳು. "ವಾಸನಿನೂ ಇಲ್ಲ."

ಅವಳ ಅನುಮಾನ ಹಿಂದಿನ ಸೀಟಿಗೂ ದಾಟಿತು. ರಬಕವಿಯಲ್ಲಿ ಇಳಿಯುವ ಹೊತ್ತಿಗೆ ಐದಾರು ಜನ ಒತ್ತಿ ನೋಡಿದ್ದರು. ಒಂದು ಹೂವಿನ ಮೇಲೆ ಉಗುರಿನ ಗುರುತು ಚಂದ್ರನ ಚೂರಿನಂತೆ ಮೂಡಿತ್ತು.

ಮನೆಯಲ್ಲಿ ಅತ್ತೆ ಸೊಪ್ಪು ಸೋಸುತ್ತ ಕೂತಿದ್ದರು. ಕುಂಡವನ್ನು ಅವರ ಮುಂದಿಟ್ಟೆ. ಅವರು ಸುತ್ತ ತಿರುಗಿಸಿ ನೋಡಿ ವಿಚಾರಣೆ ಸುರು ಮಾಡಿದರು.

"ಮುಡಕೊಳ್ಳಾಕ ಬರತೈತೇನು?"

"ಇಲ್ರಿ ಅತ್ಯಾರ."

"ದೇವರಿಗೆ ಏರಸಾಕ?"

"ಯಾರೂ ಏರಸಿದ್ದು ನೋಡಿಲ್ರಿ."

"ಔಷಧಕ್ಕ?"

"ಬಾಯಾಗ ಹಾಕಬಾರದಂತ್ರಿ. ನಾಲಗಿ ಉರೀತೈತಂತ."

ಅತ್ತೆ ಸೊಪ್ಪಿನ ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಹಂಗಾರ ಇದು ಬೀಗರಿದ್ದಂಗ. ಕುಂದರಿಸಿ ಮರ್ಯಾದಿ ಮಾಡೂದಷ್ಟ."

ನನ್ನ ಗಂಡ ಬನಹಟ್ಟಿಯ ನೂಲಿನ ಅಂಗಡಿಯಿಂದ ಬಂದವರು ಮರ್ಯಾದೆ ಮಾಡಿಯೇ ಮಾಡಿದರು. ಅದನ್ನು ಫ್ರಿಜ್ಜಿನ ತಲೆಯ ಮೇಲೆ ಕೂರಿಸಿದರು. ಮಾವ ಮಾತ್ರ ಏನೂ ಹೇಳಲಿಲ್ಲ. ಎಪ್ಪತ್ತು ದಾಟಿದರೂ ಒಳಕೋಣೆಯಲ್ಲಿ ನೆಲ ತೋಡಿ ಹೂಡಿದ ಕುಣಿ ಮಗ್ಗದಲ್ಲಿ ಕೂತು ದಿನಾ ಸೀರೆ ನೇಯುವ ಅವರು ಮಾತಿನಲ್ಲಿ ಬಹಳ ಬಿಗಿ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತೆಂದರೆ, "ಚಹಾ ತಂದೇನ್ರಿ ಮಾವಾರ" ಎಂದು ನಾನು, "ಇಡು" ಎಂದು ಅವರು. ಸಿಟ್ಟಿನವರಲ್ಲ, ಕೆಟ್ಟವರೂ ಅಲ್ಲ. ಮಗ್ಗದ ಸಪ್ಪಳದಲ್ಲೇ ಅವರ ಮಾತು ಮುಗಿದುಹೋಗುತ್ತದೆ ಎಂದು ನಾನು ತಿಳಿದುಕೊಂಡಿದ್ದೆ.

ಮೊದಲ ತಿಂಗಳು ಗಿಡ ಹಾಗೇ ಇತ್ತು. ನಾನು ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕುತ್ತಿದ್ದೆ. ಬಿಸಿಲು ಏರುತ್ತಿತ್ತು, ನಮಗೇ ಬಾಯಿ ಒಣಗುವಾಗ ಅದಕ್ಕೆ ಒಂದು ತಂಬಿಗೆ ಹೆಚ್ಚೇನಲ್ಲ ಅನಿಸಿತ್ತು. ಯುಗಾದಿ ಮುಗಿಸಿಕೊಂಡು ಬೀಳಗಿಯಿಂದ ನಮ್ಮಪ್ಪ ಬಂದ. ಮಗಳ ಮನೆಗೆ ಬರುವಾಗ ಬರಿಗೈಯಲ್ಲಿ ಬರುವವನಲ್ಲ. ಜೋಳ, ಕಡಲೆ, ಬೆಲ್ಲ ತರುತ್ತಾನೆ. ಈ ಸಲ ಅವುಗಳ ಜೊತೆ ಬಾಯಿ ಕಟ್ಟಿದ ಒಂದು ಸಣ್ಣ ಚೀಲವೂ ಇತ್ತು. ಫೋನಿನಲ್ಲಿ ನಾನು ಗಿಡದ ಸುದ್ದಿ ಹೇಳಿದ್ದೆನಲ್ಲ, ಅದಕ್ಕಾಗಿ ಕುರಿ ಹಿಕ್ಕೆ ತಂದಿದ್ದ.

"ನಮ್ಮ ಹೊಲದಾಗ ಕುರಿ ಹಿಂಡ ಕೂಡಿಸಿದ್ವಿ ಈ ವರ್ಷ," ಎಂದ. "ಇದರ ಮುಂದ ಪೇಟಿ ಗೊಬ್ಬರ ಏನೂ ಅಲ್ಲ. ಜ್ವಾಳ ಆಳುದ್ದ ಬಂದಾವ."

ಫ್ರಿಜ್ಜಿನ ಮೇಲಿಂದ ಕುಂಡ ಇಳಿಸಿ, ಎರಡು ಬೊಗಸೆ ಹಿಕ್ಕೆ ಸುರಿದು, ಬೆರಳಿನಿಂದ ಬುಡಕ್ಕೆ ಒತ್ತಿ, ಮೇಲೆ ತಾನೇ ನೀರು ಹಾಕಿದ. ನಲವತ್ತೈದು ವರ್ಷ ಮಣ್ಣಲ್ಲಿ ಕೈಯಾಡಿಸಿದವನು. ಅವನ ಕೈ ಹಿಡಿದು ಬೇಡವೆನ್ನಲು ನಾನ್ಯಾರು? ಹಿಕ್ಕೆಯ ವಾಸನೆಗೆ ನನ್ನ ಗಂಡ ಎರಡು ದಿನ ಫ್ರಿಜ್ಜಿನ ಬಾಗಿಲು ತೆಗೆಯಲಿಲ್ಲ.

ಒಂದು ವಾರಕ್ಕೆ ಎಲೆಗಳ ಅಂಚು ಸುಟ್ಟ ರೊಟ್ಟಿಯಂತೆ ಕಂದಿತು. ಎರಡನೇ ವಾರ ಹೂವಿನ ತೊಟ್ಟು ಬಾಗಿತು. ಮೂರನೇ ವಾರ ಒಂದು ಎಲೆ ಮುಟ್ಟಿದ್ದಕ್ಕೇ ಕೈಗೆ ಬಂತು. ಅತ್ತೆ ಹಾದುಹೋಗುವಾಗ ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಸಮಾಧಾನವಿತ್ತು.

ಕಷ್ಟವಾದದ್ದು ಅಪ್ಪನ ಫೋನು. ಎರಡು ದಿನಕ್ಕೊಮ್ಮೆ ಸಂಜೆ ಮಾಡುತ್ತಿದ್ದ.

"ಬೆಳಿ ಹ್ಯಾಂಗೈತಿ ಯವ್ವಾ?"

"ಛಲೋ ಐತಪ್ಪಾ."

"ಹೊಸಾ ಎಲಿ ಬಂದಾವೇನು?"

"ಎರಡ ಬಂದಾವ."

"ಹೇಳಿಲ್ಲ ನಾ? ಕುರಿ ಹಿಕ್ಕಿ ಅದು."

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುವವಳು ನಾನು. ವಾರಕ್ಕೆರಡು ಹೊಸ ಎಲೆಯಂತೆ ಫೋನಿನಲ್ಲಿ ಗಿಡವನ್ನು ಬೆಳೆಸುತ್ತ ಹೋದೆ. ಕೊನೆಗೆ ಫೋನಿನ ಗಿಡಕ್ಕೆ ಹನ್ನೆರಡು ಎಲೆ, ನಾಲ್ಕು ಹೂವು. ಮನೆಯಲ್ಲಿದ್ದದ್ದಕ್ಕೆ ಮೂರೇ ಎಲೆ, ಅವೂ ಅರ್ಧರ್ಧ.

ಒಂದು ಶನಿವಾರ, ಮುಂಜಾನೆಯ ಶಾಲೆ ಮುಗಿಸಿ, ಕುಂಡವನ್ನು ಕೈಚೀಲದಲ್ಲಿಟ್ಟುಕೊಂಡು ಜಮಖಂಡಿಗೆ ಹೋದೆ. ನಮ್ಮ ಹಳೆಯ ಮುಖ್ಯೋಪಾಧ್ಯಾಯಿನಿಯ ಮನೆ ಅಲ್ಲಿ. ಬಾಗಿಲು ತೆಗೆದವರು ನನ್ನ ಮುಖವನ್ನಲ್ಲ, ಚೀಲವನ್ನು ನೋಡಿದರು.

"ಏನ್ ಹಾಕೀದಿ ಇದಕ್ಕ?"

"ಕುರಿ ಹಿಕ್ಕಿರೀ, ಅಕ್ಕೋರ."

"ಎಷ್ಟು?"

ನಾನು ಬೊಗಸೆ ಮಾಡಿ ತೋರಿಸಿದೆ. ಅವರು ನನ್ನ ಸಣ್ಣ ಕೈಗಳನ್ನು ನೋಡಿದರು. "ಇದ ಬೊಗಸಿಯೊ?"

"ಅಲ್ರಿ. ನಮ್ಮಪ್ಪನ ಬೊಗಸಿ. ಎರಡು."

ಅವರು ಬೈಯುತ್ತಾರೆಂದು ತಲೆ ತಗ್ಗಿಸಿಕೊಂಡು ನಿಂತಿದ್ದೆ. ನೋಡಿದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಹಿತ್ತಿಲ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಗಿಡವನ್ನು ಕುಂಡದಿಂದ ಹೊರಗೆ ತೆಗೆದರು. ಬೇರು ಕೊಳೆತು ಕಪ್ಪಗಾಗಿತ್ತು. ನಳದ ಕೆಳಗೆ ಹಿಡಿದು ತೊಳೆದರು. ಕತ್ತರಿಯಿಂದ ಕೊಳೆತದ್ದನ್ನೆಲ್ಲ ಕತ್ತರಿಸಿದರು. ಕೊನೆಗೆ ಉಳಿದದ್ದು ಬೆರಳುದ್ದದ ಕಾಂಡ, ನಾಲ್ಕು ಬಿಳಿ ಬೇರು, ಒಂದೂವರೆ ಎಲೆ.

"ತನ್ನ ಊರಾಗ ಇದು ನೆಲದಾಗ ಬೆಳಿಯೂದ ಕಡಿಮಿ," ಎಂದು ವಿಜ್ಞಾನದ ಪಾಠದ ದನಿಯಲ್ಲೇ ಹೇಳಿದರು. "ಮಳಿಕಾಡಿನಾಗ ದೊಡ್ಡ ಮರದ ಮ್ಯಾಲ ಕುಂತಿರತೈತಿ. ಇದರ ಬೇರಿಗೆ ಗಾಳಿ ಬೇಕು. ನೀ ಜ್ವಾಳದ ಹೊಲಾ ಮಾಡಿಟ್ಟಿ. ಮತ್ತ ಈ ಕೆಂಪಂದು ಹೂವಲ್ಲ ತಿಳೀತಿಲ್ಲ? ಅದೂ ಒಂದ ಎಲಿನ. ನಡಕ ಕಡ್ಡಿ ಐತಲ್ಲ, ಖರೆ ಹೂವು ಅದರ ಮ್ಯಾಲ, ಕಾಳಿನಕಿಂತ ಸಣ್ಣವು."

ತೆಂಗಿನ ನಾರು, ಇದ್ದಿಲಿನ ಚೂರು, ಇಟ್ಟಂಗಿಯ ತುಂಡು, ಒಂದು ಹಿಡಿ ಮಣ್ಣು ಕಲಸಿ ಹಳೆಯ ಸಣ್ಣ ಕುಂಡದಲ್ಲಿ ಮತ್ತೆ ನೆಟ್ಟುಕೊಟ್ಟರು. ಮೇಲಿನದು ಒಣಗಿದ ಮೇಲಷ್ಟೇ ನೀರು, ನೇರ ಬಿಸಿಲಿಲ್ಲದ ಬೆಳಕು, ಸುತ್ತ ತಂಪು ಗಾಳಿ, ಅದೂ ಹಸಿಯಾದ ಗಾಳಿ. ಇಷ್ಟು ಸಿಕ್ಕರೆ ಬದುಕೀತು ಎಂದರು.

ಆ ಸಂಜೆ ಊಟಕ್ಕೆ ಕೂತಾಗ ಇದನ್ನೆಲ್ಲ ಅತ್ತೆಗೆ, ಗಂಡನಿಗೆ ಹೇಳಿದೆ. ಅತ್ತೆ ಚಟ್ನಿ ಹಾಕುತ್ತ, "ಏಪ್ರಿಲ್ ತಿಂಗಳಾಗ ರಬಕವ್ಯಾಗ ಹಸಿಗಾಳಿ ಎಲ್ಲಿಂದ ತರತೀ ಬೇ?" ಎಂದರು. ಸರಿಯಾದ ಪ್ರಶ್ನೆಯೇ. ಹೊಳೆಯ ದಂಡೆಯ ಊರಾದರೂ ಬೇಸಿಗೆಯಲ್ಲಿ ನಮ್ಮ ಗಾಳಿ ಹಂಚಿನ ಮೇಲಿಂದ ಎದ್ದು ಬಂದಂತಿರುತ್ತದೆ. ಮಾವ ರೊಟ್ಟಿ ಮುರಿಯುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಕುಂಡ ಇದ್ದಲ್ಲಿರಲಿಲ್ಲ. ಹುಡುಕುತ್ತ ಮಗ್ಗದ ಕೋಣೆಗೆ ಹೋದೆ. ಉತ್ತರದ ಸಣ್ಣ ಕಿಟಕಿಯ ಪಕ್ಕ ಗೋಡೆಯಲ್ಲೊಂದು ಗೂಡಿದೆ, ಮಾವ ಎಲೆ ಅಡಿಕೆ ಚೀಲ ಇಡುವ ಜಾಗ. ಚೀಲ ನೆಲಕ್ಕಿಳಿದಿತ್ತು, ಗೂಡಿನಲ್ಲಿ ಗಿಡ ಕೂತಿತ್ತು. ಮಾವ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಮಗ್ಗದ ಸುತ್ತ ನೆಲವೆಲ್ಲ ಒದ್ದೆ.

"ದಿನಾ ನೀರ ಹೊಡಿತೀರೇನ್ರಿ ಇಲ್ಲಿ?" ಎಂದೆ. ಹನ್ನೊಂದು ವರ್ಷ ಆ ಕೋಣೆಗೆ ಚಹಾ ತಂದಿಟ್ಟಿದ್ದೆ, ನೆಲ ನೋಡಿರಲಿಲ್ಲ.

"ಬ್ಯಾಸಗ್ಯಾಗ ಹೊಡಿಬೇಕು," ಎಂದರು. "ಗಾಳಿ ಒಣಗಿದ್ರ ನೂಲು ಹರೀತೈತಿ. ನೆಲದ ತಂಪ ಸಿಗಲಿ ಅಂತನ ಈ ಕುಣಿ ಮಗ್ಗ." ಗೂಡಿನ ಕಡೆ ತಲೆ ಹೊರಳಿಸಿ, "ಅದಕ್ಕೂ ಇದ ಗಾಳಿ ಬೇಕಂದಿಯಲ್ಲ," ಎಂದರು.

ಅಷ್ಟು ಉದ್ದದ ಮಾತನ್ನು ನಾನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.

ಅಂದಿನಿಂದ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹತ್ತು ನಿಮಿಷ ಮಗ್ಗದ ಕೋಣೆಯಲ್ಲಿ ಕೂರುವುದು ರೂಢಿಯಾಯಿತು. ಮೊದಮೊದಲು ಗಿಡದ ಮಾತಷ್ಟೇ. ನೇಯುವಾಗ ಹಾರುವ ನೂಲಿನ ಧೂಳು ಎಲೆಯ ಮೇಲೆ ಕೂರುತ್ತದೆಂದು ಮಾವ ಸೀರೆಯ ತುಣುಕೊಂದನ್ನು ಒದ್ದೆ ಮಾಡಿ ದಿನಾ ಒರೆಸುತ್ತಿದ್ದರು. ಜೂನಿನ ಮೊದಲಿಗೆ ಕಾಂಡದ ಪಕ್ಕದಿಂದ ಸುರುಳಿ ಸುತ್ತಿದ ಎಲೆಯೊಂದು ಇಣುಕಿತು. ಬಿಚ್ಚಿಕೊಂಡಾಗ ಅದು ಹಸಿರಲ್ಲ, ತಾಮ್ರದ ಬಣ್ಣ. ಮತ್ತೆ ಸುಟ್ಟಿತು ಎಂದು ನಾನು ಗಾಬರಿಯಾದೆ. "ಎಳೇದ ಐತಿ, ತಡಿ," ಎಂದರು ಮಾವ. ವಾರದಲ್ಲಿ ಹಸಿರಾಯಿತು.

ಒಂದು ದಿನ ಗೂಡಿನ ಪಕ್ಕದ ಮೊಳೆಗೆ ಕೆಂಪು ನೂಲಿನ ಸಣ್ಣ ತುಂಡುಗಳು ನೇತಾಡುತ್ತಿದ್ದವು. ಏನೆಂದು ಕೇಳಿದೆ. ಮಾವ ಸ್ವಲ್ಪ ನಾಚಿಕೊಂಡರು. ಸೋಮವಾರಕ್ಕೊಮ್ಮೆ ಎಲೆಯ ಉದ್ದಕ್ಕೆ ನೂಲು ಹಿಡಿದು ಕತ್ತರಿಸಿ ಕಟ್ಟುತ್ತಿದ್ದರಂತೆ. ಮೊದಲನೆಯದು ಕಿರುಬೆರಳಿನಷ್ಟು, ಐದನೆಯದು ಒಂದು ಗೇಣಿಗೆ ಸ್ವಲ್ಪ ಕಡಿಮೆ. ನಾನು ಅದನ್ನು ಬಹಳ ಹೊತ್ತು ನೋಡುತ್ತ ನಿಂತೆ. ಆ ದಿನ ನನ್ನ ಬಸ್ಸು ತಪ್ಪಿತು.

ಕಾರ ಹುಣ್ಣಿಮೆ ಕಳೆದು ಬಿತ್ತನೆ ಮುಗಿದ ಮೇಲೆ ಅಪ್ಪ ಹೇಳದೆ ಕೇಳದೆ ಬಂದಿಳಿದ. ಬೀಳಗಿಯಿಂದ ಬಸ್ಸು ಬದಲಿಸಿ ಬದಲಿಸಿ ಬಂದವನು ನೀರು ಕುಡಿದು ಮಾಡಿದ ಮೊದಲ ಮಾತು, "ಎಲ್ಲೈತಿ ಗಿಡಾ?"

ಅವನ ಲೆಕ್ಕದಲ್ಲಿ ಆ ಗಿಡಕ್ಕೆ ಹನ್ನೆರಡು ಎಲೆ. ಅತ್ತೆ ನನ್ನ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಅಪ್ಪ ಮಗ್ಗದ ಸಪ್ಪಳ ಹಿಡಿದು ತಾನೇ ಒಳಗೆ ನಡೆದ, ನಾನು ಹಿಂದೆ. ಗೂಡಿನಲ್ಲಿದ್ದ ಸಣ್ಣ ಕುಂಡವನ್ನೂ ಎರಡೂವರೆ ಎಲೆಯನ್ನೂ ನೋಡಿದ. ಮತ್ತೊಮ್ಮೆ ನೋಡಿದ.

"ಇದು ನಾ ನೋಡಿದ ಗಿಡಾ ಅಲ್ಲ," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗ್ಗ ನಿಂತಿತು.

"ಅದ ಗಿಡಾ ಬೀಗರ," ಎಂದರು ಮಾವ. "ನಾನ ಕೆಡಿಸಿದೆ. ನೀರ ಹೆಚ್ಚ ಹಾಕಿಬಿಟ್ಟೆ. ಬೇರ ಕೊಳೀತು."

ಹನ್ನೊಂದು ವರ್ಷದಲ್ಲಿ ಅವರು ನನ್ನೆದುರು ಸುಳ್ಳು ಹೇಳಿದ್ದು ಕೇಳಿರಲಿಲ್ಲ. ಈಗ ಹೇಳಿದ್ದು ನನಗಾಗಿ. ಅಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ. ನಾನು ಅವರಿಬ್ಬರ ನಡುವೆ ಬಂದು ನಿಂತೆ.

"ಮಾವಾರಲ್ಲಪ್ಪಾ," ಎಂದೆ. "ನೀರ ಹೆಚ್ಚ ಹಾಕಿದಾಕಿ ನಾ. ಹಿಕ್ಕಿನೂ ಜಾಸ್ತಿ ಆತು. ಯುಗಾದಿ ಆಗಿ ಮೂರ ವಾರಕ್ಕ ಸಾಯಾಕ ಬಂದಿತ್ತು. ಫೋನಿನಾಗ ಹೇಳಿದ್ದೆಲ್ಲಾ ಸುಳ್ಳು."

"ಹನ್ನೆರಡ ಎಲಿ?"

"ಸುಳ್ಳು."

"ನಾಕ ಹೂವು?"

"ಅವೂ."

ಅಪ್ಪ ಮಗ್ಗದ ಕಟ್ಟೆಯ ಮೇಲೆ ಮೆಲ್ಲಗೆ ಕೂತ. ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾ ನಮ್ಮ ಓಣಿಗೆಲ್ಲಾ ಹೇಳೀನಲ್ಲ ಯವ್ವಾ," ಎಂದ. "ಮಗಳ ಮನ್ಯಾಗ ನನ್ನ ಹಿಕ್ಕಿಗೆ ಗಿಡಾ ಹ್ಯಾಂಗ ಬಂದೈತಿ ಅಂತ. ಅದನ್ನ ಕೇಳಿ ಇಬ್ಬರು ತಂತಮ್ಮ ಮಲ್ಲಿಗಿಗೂ ಹಾಕ್ಯಾರ."

"ಅವು ಏನಾದುವ್ರಿ?" ಎಂದು ಮಾವ ಕೇಳಿದರು.

"ಛಲೋ ಬಂದಾವ."

ಮೊದಲು ನಕ್ಕವರು ಮಾವ. ಸದ್ದಿಲ್ಲದೆ, ಭುಜ ಕುಣಿಸುತ್ತ. ಆಮೇಲೆ ಅಪ್ಪ. ಅಡುಗೆಮನೆಯಿಂದ ಅತ್ತೆಯ ನಗುವೂ ಕೇಳಿಸಿತು. ಎಲ್ಲವನ್ನೂ ಬಾಗಿಲ ಹಿಂದೆ ನಿಂತೇ ಕೇಳುತ್ತಿದ್ದರೆಂದು ಆಗ ತಿಳಿಯಿತು.

ಆ ಮಧ್ಯಾಹ್ನ ಇಬ್ಬರು ಹಿರಿಯರೂ ಗಿಡದ ಮುಂದೆ ಕೂತು ಬಹಳ ಹೊತ್ತು ಮಾತಾಡಿದರು. ಇದ್ದಿಲು, ಇಟ್ಟಂಗಿ ಚೂರು, ಬೇರಿಗೆ ಗಾಳಿ ಎಂದೆಲ್ಲ ಮಾವ ವಿವರಿಸುತ್ತಿದ್ದರೆ ಅಪ್ಪ ವಿದ್ಯಾರ್ಥಿಯಂತೆ ಕೇಳುತ್ತಿದ್ದ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ. "ಗಿಡಾ ಹೋದ್ರ ಹೋಗಲಿ ಯವ್ವಾ. ನಂದೂ ಎಷ್ಟೋ ಬೆಳಿ ಹೋಗ್ಯಾವ. ನನಗ ಬ್ಯಾಸರಾಗ್ತೈತಂತ ಸುಳ್ಳ ಮಾತ್ರ ಹೇಳಬ್ಯಾಡ. ಬ್ಯಾಸರಾ ಮಾಡಕೊಳ್ಳಾಕ ಬರತೈತಿ ನನಗ." ನಾನು ಹೂಂ ಎಂದೆ. ಅಲ್ಲಿಂದೀಚೆಗೆ ಹೇಳಿಲ್ಲ, ಒಂದೆರಡು ಸಣ್ಣವನ್ನು ಬಿಟ್ಟರೆ.

ಮಳೆಗಾಲ ಗಿಡಕ್ಕೆ ಒಗ್ಗಿತು. ದಸರೆಯ ಹೊತ್ತಿಗೆ ಆರು ಎಲೆ. ದೀಪಾವಳಿಗೆ ಸ್ವಲ್ಪ ಮುಂಚೆ ಎಲೆಯ ತೊಟ್ಟಿನ ಬುಡದಿಂದ ಬೇರೆ ಥರದ ಸುರುಳಿಯೊಂದು ಬಂತು. ಅದನ್ನು ಮೊದಲು ಕಂಡವರು ಅತ್ತೆ. ಮೊಸರು ಕಡೆಯುವುದನ್ನು ಬಿಟ್ಟು, ಕೈಯಲ್ಲಿ ಕಡಗೋಲು ಹಿಡಿದುಕೊಂಡೇ ಬಂದು ನನ್ನನ್ನು ಎಬ್ಬಿಸಿದರು. "ಕೆಂಪಗ ಕಾಣತೈತಿ ಬಾ." ಎಂಟು ದಿನದಲ್ಲಿ ಅರಳಿತು. ಮೊದಲಿನದಕ್ಕಿಂತ ಸಣ್ಣದು, ಅಂಚು ಸ್ವಲ್ಪ ಸೊಟ್ಟ. ನಮ್ಮ ಮನೆಯಲ್ಲೇ ಹುಟ್ಟಿದ್ದು.

ಆ ಹೂವು ಬಾಡದೆ ಎರಡು ತಿಂಗಳು ನಿಂತಿತು. ಅತ್ತೆ ಮುಂಜಾನೆ ದೇವರ ಪೂಜೆ ಮುಗಿಸಿ ವಿಭೂತಿಯ ಬೆರಳಲ್ಲೇ ಕುಂಡಕ್ಕೂ ಒಂದು ಗೆರೆ ಎಳೆಯತೊಡಗಿದರು. ನೆರೆಯ ಹೆಂಗಸರು ನೋಡಲು ಬಂದು ಉಗುರು ಚಾಚಿದರೆ, "ದೂರಿಂದ ನೋಡ್ರಿ, ಖರೇದ ಐತಿ," ಎಂದು ತಡೆಯುತ್ತಿದ್ದರು.

ಈ ವರ್ಷ ಸಂಕ್ರಾಂತಿಯ ನಂತರ ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸುಲಭದ್ದೇ, ಆದರೆ ಮೂರು ವಾರ ಮಗ್ಗ ಮುಟ್ಟಬಾರದು ಎಂದರು ಡಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಅಲ್ಲಿಂದಲೇ ನನಗೆ ಹುಕುಂ ಕೊಡುತ್ತಿದ್ದರು. "ನೆಲಕ್ಕ ನೀರ ಹೊಡೆದ್ಯಾ? ಕಿಟಕಿ ಅರ್ಧ ತಗದ್ಯಾ? ಎಲಿ ಒರಸಿದ್ಯಾ?" ಮಾತೇ ಇರದವರು ಈಗ ನನ್ನ ಬೆನ್ನು ಬಿಡುತ್ತಿರಲಿಲ್ಲ. ಎಲ್ಲ ಮಾಡಿ, ಆ ನಿಶ್ಶಬ್ದ ಕೋಣೆಯಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತೆ. ಕೆಳಗೆ ತಂಪಿತ್ತು. ಕಾಲಿಗೆ ಹಲಗೆ ಸಿಕ್ಕಿತು. ಒತ್ತಿದೆ. ಮುಂದಿನ ಎಳೆಗಳು ಬಾಯಿ ತೆರೆದವು.

"ಯಾರದು?" ಎಂದು ಪಡಸಾಲೆಯಿಂದ ಮಾವ ಕೇಳಿದರು.

"ನಾನ್ರಿ."

ಬೈಗುಳಕ್ಕಾಗಿ ಕಾದೆ. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಕಪ್ಪು ಕನ್ನಡಕದಲ್ಲಿ ಎಷ್ಟು ಕಂಡಿತೋ ಏನೋ. "ಎಡಗಾಲ ಮೊದಲ," ಎಂದರು. "ಈಗ ಲಾಳಿ ಒಗಿ. ಹೆದರಬ್ಯಾಡ, ಸೀರಿ ಸೆರಗು ಇನ್ನಾ ಸುರುವಾಗಿಲ್ಲ."

ಶಾಲೆಗೆ ಹೊತ್ತಾಗುವವರೆಗೆ ಒದ್ದಾಡಿ ಎರಡು ಬೆರಳಗಲ ನೇಯ್ದೆ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ನಡುವೆ ನಾಯಿ ಕಚ್ಚಿದಂತೆ. ನನಗೋ ಸೀರೆಯನ್ನೇ ಮುಗಿಸಿದಷ್ಟು ಸಂತೋಷ. ಆ ದಿನ ಶಾಲೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ.

ಸಂಜೆ ಬಂದು ನೋಡಿದರೆ ಕನ್ನಡಕ ಹಣೆಗೇರಿಸಿಕೊಂಡು, ಡಾಕ್ಟರ ಮಾತು ಗಾಳಿಗೆ ಬಿಟ್ಟು, ಮಾವ ನನ್ನ ಎರಡು ಬೆರಳಗಲವನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಕೈ ತಡೆಯಲಿಲ್ಲ.

"ಇದು ಗಿರಾಕಿ ಸೀರಿ," ಎಂದರು. "ನಾಳೆ ನಿನಗಂತ ಬ್ಯಾರೆ ನೂಲಿನ ಹಾಸು ಕಟ್ಟಿ ಕೊಡ್ತೇನಿ. ಅದರಾಗ ಎಷ್ಟರ ಕೆಡಸು."